ಸತ್ತ ಮೀನೂ ಬೆಳೆಹಾನಿಯ ಲೆಕ್ಕಕ್ಕೆ ಬರಲಿ

ಮಾನ್ಯ ಸಂಪಾದಕರೇ,

ಮಳೆ ಕೈಕೊಟ್ಟ ವರ್ಷ ತೊಗರಿ, ಜೋಳ, ದ್ರಾಕ್ಷಿ ಬೆಳೆದವರ ಹೊಲಗಳಿಗೆ ಅಧಿಕಾರಿಗಳು ಬಂದು ಹಾನಿಯ ಅಂದಾಜು ಮಾಡುತ್ತಾರೆ. ಅದು ಆಗಲೇಬೇಕಾದ ಕೆಲಸ. ಆದರೆ ಅದೇ ಹೊಲದ ಮೂಲೆಯ ಕೃಷಿಹೊಂಡದಲ್ಲಿ ಸತ್ತು ತೇಲಿದ ಮೀನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿದ್ದನ್ನು ವಿಜಯಪುರ ಜಿಲ್ಲೆಯ ಮೀನು ಕೃಷಿಕನಾದ ನಾನು ಈವರೆಗೆ ಕಂಡಿಲ್ಲ. ಹವಾಮಾನ ಬದಲಾವಣೆಯಿಂದ ಮೀನು ಸಾಕಣೆಗೆ ಬೀಳುತ್ತಿರುವ ಪೆಟ್ಟು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಾಟ್ಲಾ, ರೋಹು, ಮೃಗಾಲ್ ಮೀನುಗಳು 25ರಿಂದ 32 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತವೆ. ನಮ್ಮಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಗಾಳಿಯ ಉಷ್ಣತೆ 40 ಡಿಗ್ರಿ ದಾಟುತ್ತದೆ, ಮತ್ತು ನೀರು ಕಡಿಮೆಯಾದಷ್ಟೂ ಹೊಂಡ ಬೇಗ ಕಾಯುತ್ತದೆ. ನೀರು ಕಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಇಳಿಯುತ್ತದೆ, ಆದರೆ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಅದೇ ಹೊತ್ತಿಗೆ ಏರುತ್ತದೆ. ಹಗಲಲ್ಲಿ ಆಮ್ಲಜನಕ ಕೊಡುವ ಪಾಚಿಯೂ ರಾತ್ರಿಯಿಡೀ ಅದನ್ನೇ ಬಳಸುವುದರಿಂದ ನಸುಕಿನ ನಾಲ್ಕು–ಐದು ಗಂಟೆಯ ಸುಮಾರಿಗೆ ಹೊಂಡದ ಸ್ಥಿತಿ ತೀರಾ ಕೆಡುತ್ತದೆ. ಆಗ ಮೀನುಗಳು ಬಾಯಿ ತೆರೆದುಕೊಂಡು ಮೇಲೆ ಬಂದು ದಂಡೆಗುಂಟ ಸೇರುತ್ತವೆ. ಪಂಪು ಹಚ್ಚಿ ನೀರನ್ನು ಮೇಲಿಂದ ಚಿಮ್ಮಿಸಿದರೆ ಮಾತ್ರ ಉಳಿಯುತ್ತವೆ. ಆದರೆ ಪಂಪ್‌ಸೆಟ್‌ಗಳಿಗೆ ಸರದಿಯಲ್ಲಿ ಸಿಗುವ ಏಳು ತಾಸಿನ ತ್ರೀ ಫೇಸ್ ವಿದ್ಯುತ್ ಆ ಹೊತ್ತಿಗೇ ಇರುತ್ತದೆಂಬ ಖಾತ್ರಿಯಿಲ್ಲ. ಡೀಸೆಲ್ ಎಂಜಿನ್ ಇಟ್ಟುಕೊಂಡವರು ಹೇಗೋ ಬಚಾವಾಗುತ್ತಾರೆ, ಇಲ್ಲದವರು ಬೆಳಗಾಗುವಷ್ಟರಲ್ಲಿ ವರ್ಷದ ದುಡಿಮೆಯನ್ನು ಬುಟ್ಟಿಯಲ್ಲಿ ತುಂಬಿ ಹೂಳಬೇಕಾಗುತ್ತದೆ.

ಬಿಸಿಲಿಗಿಂತಲೂ ಹೆಚ್ಚು ನಷ್ಟ ತರುವುದು ನೀರಿನ ಅವಧಿ ಕಡಿಮೆಯಾಗುವುದು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ಜುಲೈ–ಆಗಸ್ಟ್‌ನಲ್ಲಿ ಮರಿ ಬಿಟ್ಟು ಮಾರ್ಚ್–ಏಪ್ರಿಲ್‌ನಲ್ಲಿ ಮೀನು ಹಿಡಿಯುವುದು ರೂಢಿ. ಮಳೆ ತಡವಾಗಿ ಮರಿ ಬಿಡುವುದು ಸೆಪ್ಟೆಂಬರಿಗೆ ಹೋದರೆ, ಅಥವಾ ಕೆರೆ ಜನವರಿಯಲ್ಲೇ ತಳ ಕಂಡರೆ, ಒಂದು ಕೆ.ಜಿ. ತೂಗಬೇಕಾದ ಕಾಟ್ಲಾ ಮುನ್ನೂರು–ನಾನೂರು ಗ್ರಾಮಿಗೇ ಬಲೆಗೆ ಬರುತ್ತದೆ. ಸಣ್ಣ ಮೀನಿಗೆ ಕೆ.ಜಿ. ಲೆಕ್ಕದಲ್ಲೂ ದರ ಕಡಿಮೆ. ಸುತ್ತಲಿನ ಕೆರೆಗಳೆಲ್ಲ ಒಂದೇ ಸಲ ಬತ್ತುವುದರಿಂದ ಎಲ್ಲರೂ ಒಂದೇ ವಾರ ಮೀನು ಹಿಡಿದು ಮಾರುಕಟ್ಟೆಗೆ ತಂದಾಗ ದರ ಇನ್ನಷ್ಟು ಕುಸಿಯುತ್ತದೆ. ಎರಡು ತಿಂಗಳು ಕಳೆದ ಮೇಲೆ ದರ ಏರುತ್ತದೆ ನಿಜ, ಆದರೆ ಅಷ್ಟೊತ್ತಿಗೆ ನಮ್ಮ ಕೆರೆಗಳಲ್ಲಿ ಮೀನಿರುವುದಿಲ್ಲ. ಆ ಲಾಭವೆಲ್ಲ ಆಂಧ್ರದಿಂದ ಮಂಜುಗಡ್ಡೆಯಲ್ಲಿಟ್ಟು ತರಿಸುವ ವ್ಯಾಪಾರಿಗಳ ಪಾಲಾಗುತ್ತದೆ. ಇದರ ಜೊತೆಗೆ ಬರದಲ್ಲಿ ಶೇಂಗಾ ಬೆಳೆ ಕೈಕೊಟ್ಟರೆ ಮೀನಿಗೆ ಹಾಕುವ ಶೇಂಗಾ ಹಿಂಡಿಯ ಬೆಲೆಯೂ ಏರುತ್ತದೆ, ಮತ್ತು ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಆಹಾರದ್ದೇ ಆಗಿರುತ್ತದೆ.

ಇನ್ನು ನೆರೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿದ್ದನ್ನು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಜನ ಮರೆತಿಲ್ಲ. ಹೊಂಡದ ಒಡ್ಡಿನ ಮೇಲೆ ಒಂದಡಿ ನೀರು ಹರಿದರೆ ಸಾಕು, ಮೀನು ಉಳಿಯುವುದಿಲ್ಲ. ಸತ್ತ ಮೀನನ್ನಾದರೂ ತೋರಿಸಬಹುದು, ಕೊಚ್ಚಿಹೋದ ಮೀನಿಗೆ ಸಾಕ್ಷಿ ಎಲ್ಲಿಂದ ತರುವುದು?

2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಬೆಳೆಹಾನಿಗೆ ಆಗಿನ ನಿಯಮದ ಪ್ರಕಾರ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಜಮೀನಿಗೆ 17,000 ರೂಪಾಯಿ ಇತ್ತು. ವಿಪತ್ತು ಪರಿಹಾರದ ನಿಯಮಗಳಲ್ಲಿ ಮೀನುಗಾರಿಕೆಯ ಪ್ರಸ್ತಾಪವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ದೋಣಿ, ಬಲೆ, ಹೊಂಡದ ಹೂಳು, ಮೀನುಮರಿ ಕೇಂದ್ರಗಳಿಗೆ ಅಲ್ಲಿ ನೆರವಿದೆ. ಇಲ್ಲದಿರುವುದು ಎಂಟು ತಿಂಗಳು ಹಿಂಡಿ, ತೌಡು ಹಾಕಿ ಸಾಕಿದ ಮೀನಿನ ಬೆಲೆಗೆ. ಮೀನು ಸಾಕುವವನಿಗೆ ಬೆಳೆ ಎಂದರೆ ಅದೇ ಅಲ್ಲವೇ?

2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದ ಪ್ರಧಾನಮಂತ್ರಿ ಮತ್ಸ್ಯ ಕಿಸಾನ್ ಸಮೃದ್ಧಿ ಸಹ ಯೋಜನೆಯಲ್ಲಿ ಮೀನು ಸಾಕಣೆಯ ವಿಮಾ ಕಂತಿನ ಶೇ 40ರಷ್ಟನ್ನು ಮಿತಿಗೊಳಪಟ್ಟು ಪ್ರೋತ್ಸಾಹಧನವಾಗಿ ಕೊಡುವ ಅವಕಾಶವಿದೆ. ಒಳ್ಳೆಯ ಯೋಜನೆ. ಆದರೆ ನಮ್ಮ ಕಡೆಯ ಸಣ್ಣ ಹೊಂಡಗಳ ಮಾಲೀಕರಲ್ಲಿ ಇದರ ಹೆಸರು ಕೇಳಿದವರೇ ವಿರಳ. ಬೆಳೆ ವಿಮೆಯ ಕೊನೆಯ ದಿನಾಂಕವನ್ನು ಊರೂರಿಗೆ ಡಂಗುರ ಹೊಡೆಸಿದಂತೆ ಸಾರುವ ವ್ಯವಸ್ಥೆ ಮೀನಿನ ವಿಮೆಗೂ ಬರಬೇಕು, ಅದೂ ಮರಿ ಬಿಡುವ ಮುಂಚೆ, ಜೂನ್ ತಿಂಗಳಲ್ಲೇ.

ಕೆರೆಗಳ ಗುತ್ತಿಗೆಯ ವಿಷಯದಲ್ಲೂ ನ್ಯಾಯ ಸಿಗಬೇಕು. ಬರಗಾಲದಲ್ಲಿ ಕೆರೆಯ ನೀರನ್ನು ಕುಡಿಯಲು ಕಾಯ್ದಿರಿಸುವುದಕ್ಕೆ ಯಾರ ತಕರಾರೂ ಇಲ್ಲ. ಆದರೆ ಕೆರೆ ತುಂಬದ ವರ್ಷಕ್ಕೂ, ಮೀನು ಸಾಕಲು ಕೆರೆಯನ್ನು ಗುತ್ತಿಗೆ ಹಿಡಿದ ಮೀನುಗಾರರ ಸಹಕಾರ ಸಂಘ ಪೂರ್ತಿ ಗುತ್ತಿಗೆ ಹಣ ತೆರಬೇಕೆಂದರೆ ಅದರ ಸದಸ್ಯರು ಬಡ್ಡಿ ಸಾಲದ ಬಾಗಿಲಿಗೇ ಹೋಗಬೇಕಾಗುತ್ತದೆ. ಅಂಥ ವರ್ಷದ ಹಣವನ್ನು ಮನ್ನಾ ಮಾಡಬೇಕು, ಇಲ್ಲವೇ ಗುತ್ತಿಗೆಯ ಅವಧಿಯನ್ನು ಒಂದು ವರ್ಷ ಮುಂದುವರಿಸಬೇಕು.

ನೀರು ಐದಾರು ತಿಂಗಳಷ್ಟೇ ನಿಲ್ಲುವ ಕೆರೆಗೆ ಬೆರಳುದ್ದದ ಮರಿ ಬಿಟ್ಟು ಪ್ರಯೋಜನವಿಲ್ಲ. ಹಿಂದಿನ ವರ್ಷದ್ದೇ, ನೂರು ಗ್ರಾಂ ಆಸುಪಾಸಿನ ಬಲಿತ ಮರಿ ಬಿಟ್ಟರೆ ಅಷ್ಟು ಅವಧಿಯಲ್ಲೇ ಮಾರುವ ತೂಕ ಬರುತ್ತದೆ. ವಿಜಯಪುರ ಬಳಿಯ ಭೂತನಾಳದಲ್ಲಿ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ, ಆಲಮಟ್ಟಿಯ ಹಿನ್ನೀರು ನಮ್ಮ ಮನೆ ಬಾಗಿಲಲ್ಲೇ ಇದೆ. ಬಲಿತ ಮರಿಯನ್ನು ಜಿಲ್ಲೆಯೊಳಗೇ ಬೆಳೆಸಿ, ಮಳೆ ಯಾವಾಗ ಬಂದರೂ ಸಿಗುವಂತೆ ದಾಸ್ತಾನು ಇಡುವ ಕೆಲಸವನ್ನು ಮೀನುಗಾರಿಕೆ ಇಲಾಖೆ ಈ ಮುಂಗಾರಿಗೇ ಆರಂಭಿಸಬೇಕು. ಮುಂದಿನ ಬೆಳೆಹಾನಿ ಸಮೀಕ್ಷೆಗೆ ಹೊರಡುವ ತಂಡದಲ್ಲಿ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರೊಂದಿಗೆ ಮೀನುಗಾರಿಕೆ ಇಲಾಖೆಯ ಒಬ್ಬರನ್ನೂ ಕಳುಹಿಸಬೇಕೆಂದು ಜಿಲ್ಲಾಡಳಿತವನ್ನು ಈ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮೀನು ಕೃಷಿಕ
ಬಸವನ ಬಾಗೇವಾಡಿ ತಾಲ್ಲೂಕು, ವಿಜಯಪುರ ಜಿಲ್ಲೆ