ಗೋಸುಂಬೆಯ ಪಂಜರಕ್ಕೆ ಬಿಸಿಯ ದೀಪ ಬೇರೆ, ಬೆಳಕಿನ ದೀಪ ಬೇರೆ ಇರಲಿ

ಸಂಪಾದಕರಿಗೆ,

ಮಾನ್ಯರೇ,

ವಿಜಯಪುರದ ಕೆಲವು ಮನೆಗಳಲ್ಲಿ ನಾಯಿ, ಬೆಕ್ಕು, ಅಕ್ವೇರಿಯಂ ಮೀನುಗಳ ಜೊತೆಗೆ ಈಗ ವಿದೇಶಿ ಗೋಸುಂಬೆಗಳೂ ಕಾಣಿಸತೊಡಗಿವೆ. ಯೆಮೆನ್ ಮತ್ತು ಸೌದಿ ಅರೇಬಿಯಾ ಮೂಲದ, ತಲೆಯ ಮೇಲೆ ಎತ್ತರದ ಶಿಖೆಯಿರುವ ವೇಲ್ಡ್ ಗೋಸುಂಬೆ ಇವುಗಳಲ್ಲಿ ಮುಖ್ಯವಾದದ್ದು. ಸಾಕುವವರು ಅದರ ಆಹಾರಕ್ಕೆ ಹುಳು ಹುಡುಕುವುದರಲ್ಲಿ, ಪಂಜರಕ್ಕೆ ಗಿಡ ಬಳ್ಳಿ ಜೋಡಿಸುವುದರಲ್ಲಿ ತೋರುವ ಕಾಳಜಿಯನ್ನು ದೀಪ ಮತ್ತು ಉಷ್ಣಾಂಶದ ವಿಷಯದಲ್ಲಿ ತೋರುತ್ತಿಲ್ಲ. ಬೇಸಿಗೆ ಬಾಗಿಲಿಗೆ ಬಂದಿರುವ ಈ ಹೊತ್ತಿನಲ್ಲಿ ಅದರ ಬಗ್ಗೆ ನಾಲ್ಕು ಮಾತು ಬರೆಯುವುದು ಅಗತ್ಯವೆನಿಸಿತು.

ಗೋಸುಂಬೆಯ ದೇಹ ತನಗೆ ಬೇಕಾದ ಶಾಖವನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಬೆಳಿಗ್ಗೆ ಮೈಬಣ್ಣವನ್ನು ಕಪ್ಪಾಗಿಸಿಕೊಂಡು, ಪಕ್ಕೆಯನ್ನು ಬಿಸಿಲಿಗೆ ಅಗಲವಾಗಿ ಒಡ್ಡಿ ಅದು ಮೈ ಕಾಯಿಸಿಕೊಳ್ಳುತ್ತದೆ. ಸಾಕಷ್ಟು ಬಿಸಿಯಾದ ಮೇಲೆ ಎಲೆಗಳ ನೆರಳಿಗೆ ಸರಿಯುತ್ತದೆ. ಆದ್ದರಿಂದ ಪಂಜರದೊಳಗೆ ಬಿಸಿಯಾದ ಒಂದು ಕೊಂಬೆ ಇರುವಷ್ಟೇ ಅಗತ್ಯವಾಗಿ ಅದು ಓಡಿಹೋಗಲು ತಂಪಾದ ಕೆಳಭಾಗವೂ ಇರಬೇಕು. ಬೆಳೆದ ಗಂಡು ವೇಲ್ಡ್ ಗೋಸುಂಬೆ ಮೈ ಕಾಯಿಸಿಕೊಳ್ಳುವ ಜಾಗದಲ್ಲಿ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು, ಉಳಿದ ಪಂಜರ 22ರಿಂದ 27 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಹೆಣ್ಣಿಗೆ ಇನ್ನೂ ಕಡಿಮೆ, 27 ಅಥವಾ 28 ಡಿಗ್ರಿ ಹಿತವಾದದ್ದು. ಅತಿಯಾದ ಬಿಸಿ ಮತ್ತು ಅತಿಯಾದ ಆಹಾರ ಎರಡೂ ಸೇರಿದರೆ ಅದು ಮಿತಿಮೀರಿ ಮೊಟ್ಟೆಯಿಟ್ಟು ಬಸವಳಿಯುತ್ತದೆ. ಮರಿಗಳ ಪುಟ್ಟ ದೇಹ ಬೇಗನೆ ಕಾದು ಒಣಗುವುದರಿಂದ ಅವುಗಳ ಕೊಂಬೆ 29 ಡಿಗ್ರಿ ದಾಟಬಾರದು.

ಈ ಅಂಕಿಗಳನ್ನು ಮೊಬೈಲಿನಲ್ಲಿ ಯಾರು ಬೇಕಾದರೂ ಓದಬಹುದು. ತೊಂದರೆ ಇರುವುದು ಅವುಗಳ ಜೊತೆಗೆ ಬರುವ ಸಲಹೆಯಲ್ಲಿ. ದಿನಕ್ಕೆ ಇಷ್ಟು ಗಂಟೆ ಇಷ್ಟು ವ್ಯಾಟಿನ ಬಲ್ಬ್ ಉರಿಸಿ ಎಂಬ ಮಾತು ಚಳಿದೇಶದ ಮನೆಗಳಿಗೆ ಹೇಳಿದ್ದು. ನಮ್ಮ ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆ ಮಧ್ಯಾಹ್ನ 36 ಡಿಗ್ರಿಗೆ ಏರಿದರೂ ಆಶ್ಚರ್ಯವಿಲ್ಲ. ಕೋಣೆಯೇ ಮೈ ಕಾಯಿಸುವ ಕೊಂಬೆಗಿಂತ ಬಿಸಿಯಾಗಿರುವಾಗ ಮೇಲೊಂದು ಬಲ್ಬ್ ಉರಿಸುವುದು ಆ ಜೀವಿಯನ್ನು ಬದುಕಿದ್ದಂತೆಯೇ ಬೇಯಿಸಿದಂತೆ.

ಕಳೆದ ಏಪ್ರಿಲ್‌ನಲ್ಲಿ ಪರಿಚಿತರೊಬ್ಬರ ಮನೆಯಲ್ಲಿ ಇದನ್ನೇ ಕಂಡೆ. ಗಾಜಿನ ತೊಟ್ಟಿಯ ಮೇಲಿನ ಜಾಲರಿಗೆ ತಾಗಿಸಿ 100 ವ್ಯಾಟಿನ ಬಲ್ಬ್ ಇಟ್ಟಿದ್ದರು. ಗೋಸುಂಬೆ ತಳದ ಮೂಲೆಯಲ್ಲಿ ಬಾಯಿ ತೆರೆದುಕೊಂಡು ಕುಳಿತಿತ್ತು, ಹಸಿರು ಬಣ್ಣ ಬಿಳಿಚಿಕೊಂಡು ತೆಳು ಹಳದಿಯಾಗಿತ್ತು, ಶಿಖೆಯ ತುದಿಯಲ್ಲಿ ಸುಟ್ಟು ಒಣಗಿದ ಕಂದು ಕಲೆಯಿತ್ತು. ಅದು ಜಾಲರಿಗೆ ತಲೆಕೆಳಗಾಗಿ ಜೋತುಬಿದ್ದಾಗ ಬಲ್ಬಿನ ಕಾವು ತಗುಲಿ ಆದ ಗಾಯ. ಗಾಜಿಗೆ ಅಂಟಿಸಿದ್ದ ದುಂಡನೆಯ ಥರ್ಮಾಮೀಟರ್ ಮಾತ್ರ 31 ಡಿಗ್ರಿ ತೋರಿಸುತ್ತಿತ್ತು. ತಂತಿಯ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಥರ್ಮಾಮೀಟರನ್ನು ಮೇಲಿನ ಕೊಂಬೆಗೆ ಕಟ್ಟಿ ನೋಡಿದಾಗ ಅಲ್ಲಿ 43 ಡಿಗ್ರಿ ಇತ್ತು. ಉಷ್ಣಾಂಶವನ್ನು ಗೋಸುಂಬೆಯ ಬೆನ್ನು ಇರುವ ಎತ್ತರದಲ್ಲಿಯೇ ಅಳೆಯಬೇಕು, ಗಾಜಿನ ಗೋಡೆಯ ಮೇಲಲ್ಲ. ಬಲ್ಬ್ ಬೆನ್ನಿಗೆ ಕನಿಷ್ಠ 20ರಿಂದ 30 ಸೆಂಟಿಮೀಟರ್ ದೂರವಿರಬೇಕು. ಚಳಿಗಾಲದಲ್ಲೂ ನಮ್ಮಲ್ಲಿ 40 ವ್ಯಾಟಿನ ಸಾಮಾನ್ಯ ತಂತಿ ಬಲ್ಬಿನಿಂದ ಆರಂಭಿಸಿ, ಅಳತೆ ನೋಡಿಕೊಂಡು ಹೆಚ್ಚುಕಡಿಮೆ ಮಾಡುವುದು ಸುರಕ್ಷಿತ.

ಬಿಸಿಯ ಬಲ್ಬ್ ನಂದಿಸಿ ಎಂದೊಡನೆ ಪಂಜರವನ್ನು ಕತ್ತಲಲ್ಲಿ ಇಡುವುದು ಇನ್ನೊಂದು ಅಪಾಯ. ಗೋಸುಂಬೆಗೆ ಬಿಸಿಯ ಜೊತೆಗೆ ಯುವಿಬಿ ಎಂಬ ಅತಿನೇರಳೆ ಕಿರಣವೂ ಬೇಕು. ಆ ಕಿರಣ ಚರ್ಮಕ್ಕೆ ಬಿದ್ದಾಗ ದೇಹದಲ್ಲಿ ಡಿ3 ಜೀವಸತ್ವ ತಯಾರಾಗುತ್ತದೆ, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ತಿಂಗಳುಗಳು ಕಳೆದಂತೆ ಮೂಳೆ ಮೆದುವಾಗಿ ಕಾಲುಗಳು ಬಾಗುತ್ತವೆ, ದವಡೆ ಸಡಿಲವಾಗುತ್ತದೆ, ನಾಲಿಗೆ ಚಾಚಿ ಹುಳು ಹಿಡಿಯುವ ಶಕ್ತಿಯೇ ಉಳಿಯುವುದಿಲ್ಲ. ಮನೆಯ ಎಲ್‌ಇಡಿ ಬಲ್ಬ್ ಎಷ್ಟೇ ಪ್ರಕಾಶಮಾನವಾಗಿದ್ದರೂ ಈ ಕಿರಣವನ್ನು ಕೊಡದು, ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಲ್ಲೂ ಅದು ಇರುವುದಿಲ್ಲ. ಸರೀಸೃಪಗಳಿಗೆಂದೇ ತಯಾರಾದ, ಪಂಜರದ ಉದ್ದಕ್ಕೂ ಹರಡುವ ಟಿ5 ಎಂಬ ತೆಳ್ಳನೆಯ ಯುವಿಬಿ ಟ್ಯೂಬ್ ಇದಕ್ಕೆ ಸರಿಯಾದದ್ದು. ಸುರುಳಿ ಆಕಾರದ ಸಣ್ಣ ಬಲ್ಬುಗಳು ಸಾಲವು. ಬೆನ್ನಿನ ಮಟ್ಟದಲ್ಲಿ ಯುವಿ ಸೂಚ್ಯಂಕ (ಅತಿನೇರಳೆ ಕಿರಣದ ತೀವ್ರತೆಯ ಅಳತೆ) 3ರ ಆಸುಪಾಸಿನಲ್ಲಿರಬೇಕು. ಟ್ಯೂಬ್ ಉರಿಯುತ್ತಲೇ ಇದ್ದರೂ ಅದರ ಯುವಿಬಿ ಕಾಲಕ್ರಮೇಣ ಕುಗ್ಗುವುದರಿಂದ ವರ್ಷಕ್ಕೊಮ್ಮೆಯಾದರೂ ಬದಲಾಯಿಸಬೇಕು.

ನಮ್ಮ ಸೀಮೆಯವರು ಬಿಸಿಯನ್ನೂ ಯುವಿಬಿಯನ್ನೂ ಒಂದೇ ಬಲ್ಬಿನಲ್ಲಿ ಕೊಡುವ ಮರ್ಕ್ಯುರಿ ದೀಪಗಳನ್ನು ಕೊಳ್ಳಲೇಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಎರಡಕ್ಕೂ ಬೇರೆ ಬೇರೆ ದೀಪ, ಬೇರೆ ಬೇರೆ ಸ್ವಿಚ್ ಇದ್ದರೆ ಮೇ ತಿಂಗಳಲ್ಲಿ ಬಿಸಿಯ ಬಲ್ಬನ್ನು ಬೆಳಗಿನ ತಂಪು ಹೊತ್ತಿಗೆ ಮಾತ್ರ ಹಚ್ಚಬಹುದು ಅಥವಾ ಹಚ್ಚದೆಯೇ ಇರಬಹುದು, ಟ್ಯೂಬನ್ನು ಮಾತ್ರ ದಿನಕ್ಕೆ 12 ಗಂಟೆ ಎಂದಿನಂತೆ ಉರಿಸಬಹುದು. ಆ ದಿನಗಳಲ್ಲಿ ಗಾಜಿನ ತೊಟ್ಟಿಯ ಬದಲು ನಾಲ್ಕೂ ಕಡೆ ಜಾಲರಿಯಿರುವ ಪಂಜರ, ಕೋಣೆಯಲ್ಲಿ ಕೂಲರ್ (ಗಾಳಿ ನೇರವಾಗಿ ಬೀಸದಂತೆ), ಎಲೆಗಳ ಮೇಲೆ ಆಗಾಗ ನೀರಿನ ತುಂತುರು ಇರಲಿ. ಗೋಸುಂಬೆ ಬಟ್ಟಲಿನ ನೀರನ್ನು ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ, ಎಲೆಯ ಮೇಲಿನ ಹನಿಯನ್ನೇ ನೆಕ್ಕುತ್ತದೆ. ರಾತ್ರಿ ಎಲ್ಲ ದೀಪಗಳೂ ಆರಬೇಕು, ಕೆಂಪು ಬಲ್ಬ್ ಕೂಡ ಬೇಡ. ಡಿಸೆಂಬರ್ ರಾತ್ರಿ ಮನೆಯೊಳಗೆ 18 ಡಿಗ್ರಿಗೆ ಇಳಿದರೆ ಅದು ಅದಕ್ಕೆ ಒಳ್ಳೆಯದೇ. ಆಫ್ರಿಕದ ಬೆಟ್ಟಸೀಮೆಯ ಜಾಕ್ಸನ್ ಗೋಸುಂಬೆಗೆ ಮಾತ್ರ ಇಲ್ಲಿಯ ಬೇಸಿಗೆ ಒಗ್ಗದು. ಅದನ್ನು ಇಲ್ಲಿಗೆ ತರಲೇಬೇಡಿ.

ನಮ್ಮ ಹೊಲದ ಬೇಲಿಗಳಲ್ಲಿ ಕಾಣುವ ಗೋಸುಂಬೆಯನ್ನು ಹಿಡಿದು ಪಂಜರಕ್ಕೆ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ವಿದೇಶಿ ಗೋಸುಂಬೆ ಸಾಕುವವರೂ 2024ರ ಕೇಂದ್ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅದನ್ನು ನೋಂದಾಯಿಸಬೇಕು. ಮಾರುವವರು ಪ್ರಾಣಿಯ ಜೊತೆಗೆ ಯುವಿಬಿ ಟ್ಯೂಬ್, ಡಿಜಿಟಲ್ ಥರ್ಮಾಮೀಟರ್ ಮತ್ತು ಕನ್ನಡದಲ್ಲಿ ಬರೆದ ಸೂಚನೆಯ ಹಾಳೆಯನ್ನು ಕೊಡದೆ ಕಳಿಸಬಾರದು. ಜಿಲ್ಲೆಯ ಪಶುಪಾಲನಾ ಇಲಾಖೆಯವರು ಮಾರ್ಚ್ ಮುಗಿಯುವುದರೊಳಗೆ ಸಾಕುಪ್ರಾಣಿ ಅಂಗಡಿಗಳಿಗೆ ಭೇಟಿಯಿತ್ತು ಪಂಜರಗಳ ಉಷ್ಣಾಂಶವನ್ನು ಅಳೆದು ನೋಡಬೇಕೆಂದು ವಿನಂತಿಸುತ್ತೇನೆ.

ಇತಿ,
ಒಬ್ಬ ಓದುಗ, ವಿಜಯಪುರ