ತೊಟ್ಟೆ ಬಿಡಬೇಕಾದರೆ ಚೀಲ ತಾಳಬೇಕು

ಮಾನ್ಯ ಸಂಪಾದಕರೇ,

ಕೇರಳದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ನಿಷೇಧ ಬಂದದ್ದು 2020ರ ಜನವರಿ 1ರಂದು. ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಬದಿಯಡ್ಕದ ಪೇಟೆಗಳಲ್ಲಿ ತೊಟ್ಟೆ, ಅಂದರೆ ತೆಳು ಪ್ಲಾಸ್ಟಿಕ್ ಚೀಲ, ಇನ್ನೂ ಪೂರ್ತಿ ಮರೆಯಾಗಿಲ್ಲ. ಜನರಿಗೆ ಕಾಳಜಿಯಿಲ್ಲ ಎಂದು ದೂರುವುದು ಸುಲಭ. ನನಗೆ ಕಾಣುವ ಕಾರಣ ಬೇರೆ. ಬದಲಿಗೆಂದು ಕೈಗೆ ಬರುವ ಚೀಲ ನಮ್ಮ ಮಳೆಗೂ ಮೀನಿಗೂ ಐದು ಕಿಲೋ ಕುಚ್ಚಲಕ್ಕಿಗೂ ತಾಳುವುದಿಲ್ಲ.

ಜವಳಿ ಅಂಗಡಿಗಳಲ್ಲಿ ಬಟ್ಟೆ ಚೀಲವೆಂದು ಕೊಡುವ, ಮೈತುಂಬ ಸಣ್ಣ ಚುಕ್ಕಿ ಒತ್ತಿದ ಬಣ್ಣದ ಚೀಲ ಪಾಲಿಪ್ರೊಪಿಲೀನ್‌ನದು, ಅಂದರೆ ಪ್ಲಾಸ್ಟಿಕ್ಕೇ. ಅಂಚಿನಿಂದ ನೂಲು ಎಳೆದು ನೋಡಿ. ನೇಯ್ದ ಬಟ್ಟೆಯಾದರೆ ಎಳೆ ಬಿಚ್ಚಿ ಬರುತ್ತದೆ, ಇದರಲ್ಲಿ ಎಳೆಯೇ ಇಲ್ಲ. 2021ರ ಸೆಪ್ಟೆಂಬರ್ 30ರಿಂದ ಇಂಥ ಚೀಲ ಚದರ ಮೀಟರಿಗೆ 60 ಗ್ರಾಮಿಗಿಂತ ತೆಳುವಾಗಿರಕೂಡದು ಎಂಬುದು ಕೇಂದ್ರದ ನಿಯಮ. ಗೊಬ್ಬರವಾಗುತ್ತದೆ ಎಂದು ಮಾರುವ ಹಸಿರು ಚೀಲವನ್ನೂ ತೋಟದ ಬುಡಕ್ಕೆ ಎಸೆಯಬೇಡಿ. ಅದು ಕರಗಲು ಗೊಬ್ಬರ ಘಟಕದ ಬಿಸಿ ಬೇಕು. ಅಡಿಕೆ ಮರದ ಬುಡದಲ್ಲಿ ಅಷ್ಟು ಬಿಸಿ ಎಲ್ಲಿಂದ ಬರಬೇಕು?

ಹಾಗೆಂದು ಹೊಸ ಹತ್ತಿ ಚೀಲಗಳನ್ನು ರಾಶಿ ರಾಶಿ ಕೊಳ್ಳುವುದೂ ಸರಿಯಲ್ಲ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಮ್ಮೆ ಬಳಸಿ ಎಸೆಯುವ ತೆಳು ತೊಟ್ಟೆಗಿಂತ ಹೊಸ ಹತ್ತಿ ಚೀಲ ಹವಾಮಾನಕ್ಕೆ ಹಗುರವಾಗಬೇಕಾದರೆ ಅದನ್ನು 131 ಸಲ ಬಳಸಬೇಕು. ವಾರಕ್ಕೊಂದು ಸಂತೆಯಾದರೆ ಎರಡೂವರೆ ವರ್ಷ. ಮನೆಯಲ್ಲಿರುವ ಹಳೆಯ ಹೊದಿಕೆಯಿಂದ ಹೊಲಿದರೆ ಹತ್ತಿ ಬೆಳೆದು ನೇಯ್ದ ಹೊರೆ ಮತ್ತೆ ಸೇರುವುದಿಲ್ಲ.

ಹೊಲಿಯುವುದು ಹೀಗೆ. 60 ಇಂಚು ಅಗಲ, 90 ಇಂಚು ಉದ್ದದ ಹತ್ತಿ ಹೊದಿಕೆಯಿಂದ ಹಿಡಿಕೆ ಸಮೇತ ನಾಲ್ಕು ಚೀಲ ಬರುತ್ತದೆ. ಪ್ರತಿ ಚೀಲಕ್ಕೂ 19 ಇಂಚು ಅಗಲ, 39 ಇಂಚು ಉದ್ದದ ಒಂದೇ ತುಂಡು ಕತ್ತರಿಸಿ ನಡುವೆ ಮಡಚಬೇಕು. ಆಗ ತಳದಲ್ಲಿ ಹೊಲಿಗೆಯೇ ಇರುವುದಿಲ್ಲ. ಸಾಮಾನು ತುಂಬಿದಾಗ ಚೀಲ ಮೊದಲು ಬಿಡುವುದು ತಳದ ಹೊಲಿಗೆಯಲ್ಲೇ. ಬದಿಗಳನ್ನು ಎರಡು ಸಲ ಹೊಲಿಯಬೇಕು: ಮೊದಲು ಹೊರಮೈ ಕಾಣುವಂತೆ ಇಟ್ಟು ಕಾಲಿಂಚು ಬಿಟ್ಟು, ಆಮೇಲೆ ಮಗುಚಿ ಒಳಗಿನಿಂದ ಇನ್ನೊಮ್ಮೆ. ಅಂಚು ಒಳಗೆ ಸಿಕ್ಕಿಕೊಳ್ಳುವುದರಿಂದ ಒಗೆದಾಗ ನೂಲು ಬಿಚ್ಚುವುದಿಲ್ಲ. ಒಳಮಗ್ಗುಲು ಹೊರಗಿರುವಾಗಲೇ ತಳದ ಎರಡೂ ಮೂಲೆಗಳನ್ನು ಚಪ್ಪಟೆ ಮಾಡಿ, ತುದಿಯಿಂದ 2 ಇಂಚು ಒಳಗೆ ಅಡ್ಡ ಹೊಲಿದರೆ 4 ಇಂಚಿನ ತಳ ಸಿಗುತ್ತದೆ, ಚೀಲ ಬೀಳದೆ ನಿಲ್ಲುತ್ತದೆ. ಬಾಯಿಯ ಅಂಚನ್ನು ಒಂದೂವರೆ ಇಂಚು ಒಳಕ್ಕೆ ಮಡಚಿ.

ಹಿಡಿಕೆಗೆ 5 ಇಂಚು ಅಗಲ, 26 ಇಂಚು ಉದ್ದದ ಪಟ್ಟಿಯನ್ನು ನಾಲ್ಕು ಪದರ ಮಡಚಿ ಎರಡೂ ಅಂಚಿಗೆ ಹೊಲಿಯಬೇಕು. ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಹಿಡಿಕೆಯ ತುದಿಯನ್ನು ಬಾಯಿಯ ಮಡಿಕೆಗೆ ಮಾತ್ರ ಸಿಕ್ಕಿಸಿದರೆ ತೂಕವೆಲ್ಲ ಒಂದೇ ಗೆರೆಯ ಮೇಲೆ ಬಿದ್ದು ಬಟ್ಟೆ ಹರಿಯುತ್ತದೆ. ತುದಿ 3 ಇಂಚು ಕೆಳಗಿಳಿಯಲಿ, ಅಲ್ಲಿ ಚೌಕವಾಗಿ ಹೊಲಿದು ಒಳಗೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಹೊಲಿಯಿರಿ. ಹಳೆಯ ಮುಂಡಿನ (ಪಂಚೆಯ) ಬಟ್ಟೆಯಾದರೆ ಎರಡು ಪದರ ಬೇಕು. ಬೆರಳಿನಿಂದ ಎಳೆದರೆ ಸೀಳುವಷ್ಟು ಸವೆದ ಬಟ್ಟೆಯನ್ನು ಒರೆಸಲು ಇಟ್ಟುಕೊಳ್ಳಿ.

ಆಟಿ ತಿಂಗಳ ಜಡಿಮಳೆಗೆ ಹತ್ತಿ ಚೀಲ ಒದ್ದೆಯಾಗಿ ಬೂಸರು ಹಿಡಿಯುತ್ತದೆ. ಮಡಚಿ ಸ್ಕೂಟರಿನ ಸೀಟಿನಡಿ ತುರುಕಿದರೆ ಇನ್ನೂ ಬೇಗ. ಆ ತಿಂಗಳುಗಳಿಗೆ ಹಿಂಡಿ ಅಥವಾ ಅಕ್ಕಿ ಬಂದ ಪ್ಲಾಸ್ಟಿಕ್ ಗೋಣಿಯಿಂದ ಹೊಲಿದ ಚೀಲ ಒಳ್ಳೆಯದು. ಅದು ಪ್ಲಾಸ್ಟಿಕ್ಕೇ, ಆದರೆ ಈಗಾಗಲೇ ಮನೆಗೆ ಬಂದಿರುವುದು, ವರ್ಷಗಟ್ಟಲೆ ಬಾಳುವುದು. ಬಿಸಿಲಿನಲ್ಲಿ ಬಿಟ್ಟರೆ ಮಾತ್ರ ಪುಡಿಪುಡಿಯಾಗಿ ಎಳೆ ಉದುರುತ್ತದೆ, ನೆರಳಲ್ಲೇ ಒಣಗಿಸಿ. ಮೈಲುತುತ್ತು, ರಸಗೊಬ್ಬರ, ಕೀಟನಾಶಕ ಬಂದ ಚೀಲವನ್ನು ಎಷ್ಟು ತೊಳೆದರೂ ಆಹಾರಕ್ಕೆ ಬಳಸಲೇಬಾರದು. ಅಡಿಕೆ ತೋಟದ ಮನೆಗಳಲ್ಲಿ ಎಲ್ಲ ಚೀಲಗಳೂ ಒಂದೇ ಕೊಟ್ಟಿಗೆಯಲ್ಲಿ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಉಳಿದದ್ದು ಮೀನು. ಮೀನಿನ ನೀರು ಹಿಡಿದ ತೊಟ್ಟೆಯೇ ಎಲ್ಲಕ್ಕಿಂತ ಕಷ್ಟದ್ದು. ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಗೆ ಕೊಡಬೇಕಾದ ಪ್ಲಾಸ್ಟಿಕ್ ತೊಳೆದು ಒಣಗಿರಬೇಕು. ಇದನ್ನು ಯಾರೂ ತೊಳೆಯುವುದಿಲ್ಲ, ಕೊನೆಗೆ ಬಚ್ಚಲೊಲೆಗೋ ತೋಡಿಗೋ ಹೋಗುತ್ತದೆ. ಬಚ್ಚಲೊಲೆಯ ಆ ಹೊಗೆಯನ್ನು ಉಸಿರಾಡುವುದು ಮನೆಯ ಹೆಂಗಸರು, ಮಕ್ಕಳು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಒಯ್ಯಿರಿ. ಉರುಟು ಡಬ್ಬಿ ಸಣ್ಣದಾದರೆ ಬಂಗುಡೆಯ ಬಾಲ ಹೊರಗುಳಿದು ಮುಚ್ಚಳ ಕೂರುವುದಿಲ್ಲ, ಹತ್ತಿಂಚು ಉದ್ದದ ಚಪ್ಪಟೆ ಡಬ್ಬಿಯೇ ಬೇಕು. ಖಾಲಿ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ಟೇರ್ ಗುಂಡಿ ಒತ್ತಿದರೆ ಅಂಕಿ ಸೊನ್ನೆಗೆ ಬರುತ್ತದೆ, ಆಮೇಲೆ ಮೀನು ಹಾಕಿಸಿಕೊಳ್ಳಿ. ಡಬ್ಬಿಯ ತೂಕಕ್ಕೂ ದುಡ್ಡು ಹೋಯಿತೆಂಬ ಅನುಮಾನ ಉಳಿಯುವುದಿಲ್ಲ. ಡಬ್ಬಿ ಮರೆತ ದಿನ ಬಲಿತ ತೇಗದ ಎಲೆ ಸಾಕು, ಎಳೆಯದು ಕೆಂಪು ಬಣ್ಣ ಬಿಡುತ್ತದೆ. ಮೀನಿನ ಡಬ್ಬಿ ಇಡುವ ಚೀಲದ ಹಿಡಿಕೆ ಬೇರೆ ಬಣ್ಣದ್ದಾಗಿರಲಿ, ತರಕಾರಿಗೆ ಅದನ್ನು ಬಳಸಬೇಡಿ.

ಪಂಚಾಯತುಗಳಲ್ಲಿ ಎರಡು ವಿನಂತಿ. ಮಹಿಳಾ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀಯ ಹೊಲಿಗೆ ಘಟಕಗಳಿಗೆ ಹಳೆ ಹೊದಿಕೆ, ಸೀರೆ ಸಂಗ್ರಹಿಸಿ ಕೊಟ್ಟು, ಅವರು ಹೊಲಿದ ಚೀಲಗಳನ್ನು ಮೀನು ಮಾರುಕಟ್ಟೆ ಮತ್ತು ದಿನಸಿ ಅಂಗಡಿಗಳಲ್ಲಿ 20 ರೂಪಾಯಿ ಠೇವಣಿಯ ಮೇಲೆ ಇರಿಸಬೇಕು. ಚೀಲ ಮರೆತು ಬಂದವರು ಒಂದನ್ನು ಒಯ್ದು, ಮುಂದಿನ ಸಲ ಮರಳಿಸಿ ಹಣ ಪಡೆಯಲಿ. ಎರಡನೆಯದು, ಯಾವ ಪ್ಲಾಸ್ಟಿಕ್ ಕೊಡಬೇಕು, ಹೇಗೆ ತೊಳೆದು ಕೊಡಬೇಕು ಎಂಬ ಕರಪತ್ರ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಮನೆಮನೆಗೆ ಕನ್ನಡದಲ್ಲೂ ತಲುಪಬೇಕು.

ಇಂತಿ,
ಹೊಲಿಗೆ ಶಿಕ್ಷಕಿ, ಬದಿಯಡ್ಕ