ಸೀಟಿ ಕೊಟ್ಟವರಿಗೆ, ಬೀಗದ ಕೈ ಕೊಟ್ಟವರಿಗೆ

ಕಳೆದ ಮೇ 31ಕ್ಕೆ ನನ್ನ ಕೆಲಸ ಮುಗಿಯಿತು. 19 ವರ್ಷ ಪಿ.ಟಿ. ಮಾಸ್ಟರ್, ಆಮೇಲೆ 11 ವರ್ಷ ಅದೇ ಹೈಸ್ಕೂಲಿಗೆ ಹೆಡ್‌ಮಾಸ್ಟರ್. ಬೀಳ್ಕೊಡುಗೆಯ ದಿನ ಮೈಕು ಹಿಡಿದಾಗ ಗಂಟಲು ಕಟ್ಟಿತು. ಅವತ್ತು ಆಡದೆ ಉಳಿದ ಮಾತು ಇದು.

ಮೊದಲ ನಮಸ್ಕಾರ ಹಲಸೂರು, ಗೌತಮಪುರ, ಆಸ್ಟಿನ್ ಟೌನ್ ಕಡೆಯ ತಾಯಂದಿರಿಗೆ. ಬೆಳಗಿನ ಐದೂವರೆಗೆ ಮಕ್ಕಳನ್ನು ಎಬ್ಬಿಸಿ ಫುಟ್‌ಬಾಲ್ ಮೈದಾನಕ್ಕೆ ಕಳಿಸಿದಿರಿ. ಜೆರ್ಸಿ ಇದ್ದದ್ದು ಒಂದೇ ಸೆಟ್ಟು. ಸೆಮಿಫೈನಲ್ಲಿನ ಕೆಸರನ್ನು ರಾತ್ರಿಯೇ ಒಗೆದು, ಫ್ಯಾನಿನಡಿ ಒಣಗಿಸಿ ಫೈನಲ್ಲಿಗೆ ಕೊಟ್ಟಿರಿ. ಬೂಟಿಲ್ಲವೆಂದು ಹಿಂದೆ ನಿಂತ ಹುಡುಗರಿಗೆ ನಾನು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರ ಕಥೆ ಹೇಳುತ್ತಿದ್ದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಭಾರತದ ಒಂದೇ ಗೋಲು ಹೊಡೆದವರು ಅವರು. ಆ ತಂಡದ ಬಹುಪಾಲು ಆಟಗಾರರು ಆಡಿದ್ದು ಬರಿಗಾಲಲ್ಲಿ. ಆದರೆ ಕಥೆ ಕೇಳಿದರೆ ಅಂಗಾಲಿಗೆ ಕಲ್ಲು ಚುಚ್ಚುವುದು ನಿಲ್ಲುವುದಿಲ್ಲ. ಜೂನ್ ಬಂದರೆ ಬೂಟಿನ ಚೀಲ ಹೊತ್ತು ಬರುತ್ತಿದ್ದ ಹಳೇ ಹುಡುಗರೇ, ನಿಮ್ಮ ಋಣ ದೊಡ್ಡದು.

ನನ್ನನ್ನು ಹೆಡ್‌ಮಾಸ್ಟರ್ ಮಾಡಿದಾಗ ‘ಆಟ ಆಡಿಸುವವರು ಶಾಲೆ ನಡೆಸುತ್ತಾರಾ?’ ಎಂದು ಗೇಟಿನಲ್ಲೇ ಕೇಳಿದವರಿದ್ದರು. ಕೇಳಿದ್ದು ತಪ್ಪಲ್ಲ, ಮಕ್ಕಳ ಎಸ್ಎಸ್ಎಲ್‌ಸಿ ಚಿಂತೆ ಅವರದು. ಆ ಖುರ್ಚಿಗೆ ನನಗಿಂತ ಮೊದಲು ಹಕ್ಕಿದ್ದವರು ನಮ್ಮ ಗಣಿತದ ಮೇಷ್ಟ್ರು. ಅವರು ಮುಖ ತಿರುಗಿಸಿದ್ದರೂ ನಾನು ಏನೂ ಅನ್ನುವಂತಿರಲಿಲ್ಲ. ಅವರೋ, ಮಾರನೇ ದಿನವೇ ಟೈಮ್‌ಟೇಬಲ್ ಹಾಳೆ ಹಿಡಿದು ಬಂದು ಪಕ್ಕದಲ್ಲಿ ಕೂತರು: ‘ಸಾರ್, ಯಾವ ಹುಡುಗನನ್ನು ಯಾವ ಜಾಗದಲ್ಲಿ ನಿಲ್ಲಿಸಬೇಕು ಅಂತ ನಿಮಗೆ ಗೊತ್ತು. ಟೀಚರ್‌ಗಳ ವಿಷಯದಲ್ಲೂ ಅದೇ ಮಾಡಿ.’ ಆಫೀಸಿನ ಮೇಡಂ ಕ್ಯಾಶ್‌ಬುಕ್ಕಿನಿಂದ ಸ್ಯಾಟ್ಸ್ (ಮಕ್ಕಳ ವಿವರ ತುಂಬುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ) ಎಂಟ್ರಿವರೆಗೆ ಎಲ್ಲ ಕೈಹಿಡಿದು ಕಲಿಸಿದರು. ಸಂಜೆ ಬಸ್ಸು ತಪ್ಪಿದರೂ ಒಮ್ಮೆಯೂ ಬೇಸರ ತೋರಿಸಲಿಲ್ಲ. ಮೇಡಂ, ಮೇಷ್ಟ್ರೇ, ಹೆಡ್‌ಮಾಸ್ಟರ್ ಅಂತ ನನ್ನನ್ನು ತಯಾರು ಮಾಡಿದವರು ನೀವಿಬ್ಬರು.

ಕೋವಿಡ್ ವರ್ಷಗಳ ಬಗ್ಗೆ ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. 2020ರ ಜೂನ್ ಕೊನೆಗೆ ಎಸ್ಎಸ್ಎಲ್‌ಸಿ ಪರೀಕ್ಷೆ ಶುರುವಾದಾಗ, ಊರಿಗೆ ಹೋಗಿದ್ದ ಮಕ್ಕಳನ್ನು ಫೋನು ಮಾಡಿ ಹುಡುಕಿದವರು, ಬೈಕಿನಲ್ಲಿ ಕೂರಿಸಿಕೊಂಡು ಕೇಂದ್ರಕ್ಕೆ ಬಿಟ್ಟವರು ನಮ್ಮ ಹಳೇ ಟೀಮಿನವರು. ನಾನು ಕರೆದಿರಲಿಲ್ಲ. ತಾವಾಗಿಯೇ ಬಂದು ಗೇಟಿನ ಮುಂದೆ ನಿಂತಿದ್ದರು.

2023ರ ಮಾರ್ಚ್ 4ರ ರಾತ್ರಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಮೇಲೆ ರಾಜ್ಯಗಳ ನಡುವಿನ ಫುಟ್‌ಬಾಲ್ ಕಪ್ಪಾದ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಆಗ ಮೊದಲ ಫೋನು ಬಂದದ್ದು ಗಣಿತದ ಮೇಷ್ಟ್ರಿಂದ! ನನಗಾಗಿ ಅವರು ಆಟ ನೋಡುವುದನ್ನು ಕಲಿತಿದ್ದರು.

ನನ್ನ ಹೆಂಡತಿಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಮೂವತ್ತು ವರ್ಷದ ಭಾನುವಾರಗಳನ್ನು ಅವಳು ನನಗೆ ಬಿಟ್ಟುಕೊಟ್ಟಳು.

ಬೀಗದ ಕೈ ಗೊಂಚಲು ಹೊಸ ಹೆಡ್‌ಮಿಸ್ಟ್ರೆಸ್ ಅವರಿಗೆ ಒಪ್ಪಿಸಿದೆ. ಸೀಟಿ ಹೊಸ ಪಿ.ಟಿ. ಮೇಷ್ಟ್ರ ಬಳಿ ಇದೆ. ಅವರು ಒಂಬತ್ತನೇ ಕ್ಲಾಸಿನಲ್ಲಿ ನನ್ನ ಗೋಲ್‌ಕೀಪರ್ ಆಗಿದ್ದವರು. ಸುಣ್ಣದ ಗೆರೆ ಎಳೆಯುವ ನಮ್ಮ ಅಣ್ಣ ಮಾತ್ರ ಇನ್ನೂ ಅಲ್ಲೇ ಇದ್ದಾರೆ. ಅಣ್ಣ, ಸೋಮವಾರ ಐದೂವರೆಗೆ ಬರುತ್ತೇನೆ, ದಾರದ ಆ ತುದಿ ನಾನು ಹಿಡಿಯುತ್ತೇನೆ.